ಎರಡು ಗಾಡಿ, ಒಬ್ಬ ಕೋಚ್, ವಾರಕ್ಕೆ ಎರಡು ದಿನ: ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ,

ನಮಸ್ಕಾರ ಸರ್.

ಏಳು ವರ್ಷದಲ್ಲಿ ನಾನು ಬರೆದ ಹನ್ನೊಂದನೇ ಪತ್ರ ಇದು. ಮೊದಲ ಹತ್ತನ್ನು ಬೇರೆ ಬೇರೆ ಕಚೇರಿಗಳಿಗೆ ಕೊಟ್ಟೆ. ಮೂರಕ್ಕೆ ಸೀಲ್ ಹೊಡೆದ ಸ್ವೀಕೃತಿ ಸಿಕ್ಕಿತು. ಬರಹದಲ್ಲಿ ಉತ್ತರ ಒಂದಕ್ಕೂ ಬರಲಿಲ್ಲ. ಹಾಗಾಗಿ ಈ ಸಲ ನಿಮಗೇ ಬರೆಯುತ್ತಿದ್ದೇನೆ, ನಾಲ್ಕು ಜನಕ್ಕೆ ಗೊತ್ತಾಗುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಅಂಗವಿಕಲರು ಗಾಲ್ಫ್ ಕಲಿಯಲಿಕ್ಕೆ ಸರ್ಕಾರ ಒಂದಿಷ್ಟು ದುಡ್ಡು ಇಡಬೇಕು. ಬೆಂಗಳೂರಿನಲ್ಲಿ ಒಂದು ಜಾಗ, ನಿಲ್ಲಲಾಗದವರನ್ನು ನಿಲ್ಲಿಸಿ ಆಡಿಸುವ ಎರಡು ಗಾಡಿ, ಒಬ್ಬ ಕೋಚ್. ವಾರಕ್ಕೆ ಎರಡು ದಿನ.

ಗಾಲ್ಫಾ ಅಂತ ನಿಮಗೂ ಅನ್ನಿಸಬಹುದು. ಇಲ್ಲಿವರೆಗೆ ಕೇಳಿದವರೆಲ್ಲರಿಗೂ ಹಾಗೇ ಅನ್ನಿಸಿದೆ. ಅದಕ್ಕೇ ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ.

ನಾನು ಕ್ಯಾಡಿ ಆಗಿದ್ದವನು, ಅಂದರೆ ಗಾಲ್ಫ್ ಆಡುವವರ ಸ್ಟಿಕ್ ಬ್ಯಾಗ್ ಹೊತ್ತು ಅವರ ಜೊತೆ ನಡೆಯುವವನು. ಗಾಲ್ಫ್ ಮೈದಾನದ ಬೇಲಿ ಪಕ್ಕದಲ್ಲೇ ನಮ್ಮ ಹಳ್ಳಿ. ಈಗ ಅದು ಹಳ್ಳಿಯಾಗಿ ಉಳಿದಿಲ್ಲ, ಸುತ್ತ ಅಪಾರ್ಟ್‌ಮೆಂಟ್ ಎದ್ದಿವೆ. ಹನ್ನೊಂದು ವರ್ಷಕ್ಕೆ ಬೇಲಿ ದಾಟಿ ಬಂದ ಚೆಂಡು ಹೆಕ್ಕಿ ಮಾರುತ್ತಿದ್ದೆ. ಹದಿನಾರಕ್ಕೆ ಹೆಗಲಿಗೆ ಬ್ಯಾಗ್ ಬಂತು. ಬೆಳಿಗ್ಗೆ ಐದೂವರೆಗೆ ಗೇಟಿನ ಮುಂದೆ ಸಾಲು ನಿಲ್ಲಬೇಕು. ಹೆಸರು ಕರೆದರೆ ಅವತ್ತಿನ ಊಟ, ಇಲ್ಲಾಂದ್ರೆ ಇಲ್ಲ. ಕಟ್ಟಡದ ಕಂಬಿ ಬಗ್ಗಿಸಿ ಸ್ಟಿಕ್ ಮಾಡಿಕೊಂಡು ಕೆರೆ ಅಂಗಳದಲ್ಲಿ ಆಡಿ ಕಲಿತೆವು. ಸೋಮವಾರ ಕ್ಲಬ್ಬಿಗೆ ರಜೆ, ಅವತ್ತು ಕ್ಯಾಡಿಗಳಿಗೆ ಆಡಲು ಬಿಡುತ್ತಿದ್ದರು. ಸಾಹೇಬರೊಬ್ಬರು ಬಿಟ್ಟುಕೊಟ್ಟ ಹಳೇ ಸೆವೆನ್ ಐರನ್ ಒಂದೇ ನನ್ನ ಹತ್ತಿರ ಇದ್ದ ನಿಜವಾದ ಸ್ಟಿಕ್. ಅದು ಈಗಲೂ ಇದೆ.

2009ರಲ್ಲಿ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ ಇಂಡಿಯನ್ ಓಪನ್ ಗಾಲ್ಫ್ ಟೂರ್ನಿ ಗೆದ್ದರು. ಅವರೂ ಬ್ಯಾಗ್ ಹೊತ್ತವರೇ. ಅವತ್ತು ನಮ್ಮ ಕ್ಯಾಡಿಗಳ ಶೆಡ್ಡಿನಲ್ಲಿ ಹಬ್ಬ. ಗಾಲ್ಫ್ ಶ್ರೀಮಂತರ ಆಟ ಅಂತ ಯಾರಾದರೂ ಅಂದಾಗ ನನಗೆ ಆ ದಿನ ನೆನಪಾಗುತ್ತದೆ. ಹುಲ್ಲು ಕತ್ತರಿಸುವವರು, ನೀರು ಬಿಡುವವರು, ಬ್ಯಾಗ್ ಹೊರುವವರು ಎಲ್ಲ ನಮ್ಮವರೇ, ಸರ್. ಆಟ ಯಾರದ್ದು ಅಂತ ನಮ್ಮನ್ನು ಕೇಳಿ.

2014ರ ನವೆಂಬರ್‌ನಲ್ಲಿ ರಾತ್ರಿ ಬೈಕಿನಲ್ಲಿ ಮನೆಗೆ ಬರುತ್ತಿದ್ದೆ. ಹಿಂದಿನಿಂದ ಟಿಪ್ಪರ್ ಗುದ್ದಿತು. ಬೆನ್ನುಮೂಳೆ ಮುರಿಯಿತು. ಸೊಂಟದ ಕೆಳಗೆ ಇವತ್ತಿಗೂ ಸ್ಪರ್ಶ ಇಲ್ಲ. ಎರಡು ವರ್ಷ ಹಾಸಿಗೆ, ಆಮೇಲೆ ವೀಲ್‌ಚೇರ್. ಆ ಎರಡು ವರ್ಷದ ಬಗ್ಗೆ ಜಾಸ್ತಿ ಬರೆಯಲ್ಲ. ನನ್ನ ಹೆಂಡತಿ ಬ್ಲೌಸ್ ಹೊಲಿದು ಮನೆ ನಡೆಸಿದಳು ಅಂದರೆ ಸಾಕು.

ಮತ್ತೆ ಸ್ಟಿಕ್ ಹಿಡಿದದ್ದು 2017ರಲ್ಲಿ. ಹಳೇ ಗೆಳೆಯನೊಬ್ಬ ಖಾಲಿ ಸೈಟಿಗೆ ಕರೆದುಕೊಂಡು ಹೋದ. ಕುರ್ಚಿಗೆ ಬ್ರೇಕ್ ಹಾಕಿ, ಹಿಂದೆ ಗಟ್ಟಿಯಾಗಿ ಹಿಡಿದುಕೊಂಡು ನಿಂತ. ಮೊದಲ ಹೊಡೆತಕ್ಕೆ ಸ್ಟಿಕ್ ಚಕ್ರಕ್ಕೆ ಬಡಿಯಿತು. ಎರಡನೆಯದಕ್ಕೆ ಮಣ್ಣು ಹಾರಿತು. ಐದನೆಯದೋ ಆರನೆಯದೋ ಇರಬೇಕು, 'ಟಕ್' ಅಂತ ಸದ್ದು ಬಂತು. ಸರಿಯಾಗಿ ಬಿದ್ದ ಚೆಂಡಿನ ಸದ್ದು ಕ್ಯಾಡಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಅದು ಹೋಗಿ ಬಿದ್ದದ್ದು ಮೂವತ್ತು ಗಜ ಇರಬಹುದು. ಮೂರು ವರ್ಷದಲ್ಲಿ ನಾನು ಮೊದಲ ಸಲ ಆವತ್ತು ನಕ್ಕೆ ಅಂತ ಹೆಂಡತಿ ಹೇಳುತ್ತಾಳೆ.

ಬೇರೆ ಆಟ ಇಲ್ಲವಾ ಅಂದರೆ, ಇದೆ. ಆದರೆ ಈ ಆಟದಲ್ಲಿ ಚೆಂಡು ಸುಮ್ನೆ ಕೂತಿರುತ್ತದೆ, ನಾವು ಸಿದ್ಧರಾಗುವವರೆಗೆ ಕಾಯುತ್ತದೆ. ಓಡಬೇಕಿಲ್ಲ, ಯಾರೂ ಮೈಮೇಲೆ ಬರಲ್ಲ. ಇನ್ನೊಂದು ಮಾತು. ಹ್ಯಾಂಡಿಕ್ಯಾಪ್ ಅನ್ನೋ ಪದ ನಮ್ಮ ಬೆನ್ನಿಗೆ ಅಂಟಿದ ಬೈಗುಳ. ಗಾಲ್ಫಿನಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಬ್ಬ ಹವ್ಯಾಸಿಗೂ ಒಂದು ಹ್ಯಾಂಡಿಕ್ಯಾಪ್ ಇರುತ್ತದೆ. ಚೆನ್ನಾಗಿ ಆಡುವವನೂ ಸುಮಾರಾಗಿ ಆಡುವವನೂ ಸರಿಸಮ ಆಡಲಿ ಅಂತ ಇಷ್ಟು ಹೊಡೆತ ಬಿಟ್ಟುಕೊಡುವ ಲೆಕ್ಕ ಅದು. ಈ ಲೆಕ್ಕ ಮೊದಲಿಂದ ಇರುವ ಆಟವೇ ನಮ್ಮನ್ನು ಹೊರಗಿಟ್ಟಿದೆ ಅಂದರೆ ಹೊಟ್ಟೆ ಉರಿಯುತ್ತದೆ.

ಒಬ್ಬನಿಂದ ಶುರುವಾಗಿದ್ದು ಒಂಬತ್ತು ಜನ ಆದೆವು. ಪೋಲಿಯೋ ಆದವರು ಇಬ್ಬರು. ಮೆಷಿನ್‌ಗೆ ಸಿಕ್ಕಿ ಮುಂಗೈ ಕಳೆದುಕೊಂಡ ಗಾರ್ಮೆಂಟ್ಸ್ ಕೆಲಸದವರು ಒಬ್ಬರು. ಕಣ್ಣು ಕಾಣದ ಟೀಚರ್ ಒಬ್ಬರು. ಅವರಿಗೆ ನಾನು ಚೆಂಡಿನ ಹಿಂದೆ ಸ್ಟಿಕ್ ಇಟ್ಟು, ದಿಕ್ಕು ಸರಿ ಮಾಡಿ, 'ಹೊಡೀರಿ ಮೇಡಂ' ಅನ್ನುತ್ತೇನೆ. ಹದಿಮೂರು ವರ್ಷದ ಒಬ್ಬ ಹುಡುಗ ಇದ್ದಾನೆ, ಸೆರೆಬ್ರಲ್ ಪಾಲ್ಸಿ. ಅವನ ಎಡಗೈ ಮುಷ್ಟಿ ಯಾವಾಗಲೂ ಬಿಗಿದೇ ಇರುತ್ತದೆ. ಫಿಸಿಯೋಥೆರಪಿಯಲ್ಲಿ ಅದನ್ನು ಬಿಡಿಸೋದೇ ದೊಡ್ಡ ಕೆಲಸ. ನಾವು ಆ ಮುಷ್ಟಿಯೊಳಗೆ ಮೆಲ್ಲಗೆ ಸ್ಟಿಕ್ ತೂರಿಸಿದೆವು. ಹಿಡಿದದ್ದು ಬಿಡಲೇ ಇಲ್ಲ. ಹೊಸಬರು ಸಡಿಲವಾಗಿ ಹಿಡಿದು ತಪ್ಪು ಮಾಡುತ್ತಾರೆ, ಅವನಿಗೆ ಆ ತೊಂದರೆಯೇ ಇಲ್ಲ. ಪಟ್ ಮಾಡಿದ, ಅಂದರೆ ಚೆಂಡನ್ನು ಮೆಲ್ಲಗೆ ತಟ್ಟಿ ಗುಳಿಯತ್ತ ಉರುಳಿಸಿದ. ಚೆಂಡು ಹೋಗಿ ನಾವು ನೆಲದಲ್ಲಿ ಹೂತಿದ್ದ ಮೊಸರಿನ ಡಬ್ಬಿಯೊಳಗೆ ಬಿತ್ತು. ಅವನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತುಬಿಟ್ಟರು.

ಹೋದ ತಿಂಗಳು ಆ ಸೈಟಿಗೆ ಬೇಲಿ ಬಿತ್ತು. ಲೇಔಟ್ ಆಗುತ್ತಂತೆ. ಸೈಟ್ ಅವರದ್ದು, ಅವರನ್ನು ದೂರಿ ಪ್ರಯೋಜನ ಇಲ್ಲ. ಒಂದು ಕ್ಲಬ್ಬಿನವರನ್ನು ಕೇಳಿದೆ, ಖಾಲಿ ಇರುವ ಮಧ್ಯಾಹ್ನ ಪ್ರಾಕ್ಟೀಸ್ ರೇಂಜಿನ ಒಂದು ಮೂಲೆ ಕೊಡಿ ಅಂತ. ವೀಲ್‌ಚೇರ್ ಹತ್ತಿದರೆ ಹುಲ್ಲು ಹಾಳಾಗುತ್ತದೆ ಅಂದರು. ಹುಲ್ಲು ಕತ್ತರಿಸುವ ಯಂತ್ರ ಎಷ್ಟು ಭಾರ ಅಂತ ನನಗೆ ಗೊತ್ತಿಲ್ಲವಾ ಸರ್?

ಈಗ ಮೆಟ್ಟಿಲಿನ ವಿಷಯ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆದೇ ತೀರುತ್ತೇನೆ.

2023ರ ಜೂನ್. ನನ್ನ ಅರ್ಜಿ ಬಗ್ಗೆ ಮಾತಾಡಬೇಕು, ಖುದ್ದಾಗಿ ಬನ್ನಿ ಅಂತ ಒಂದು ಸರ್ಕಾರಿ ಕಚೇರಿಯಿಂದ ಫೋನ್ ಬಂತು. ಆರು ವರ್ಷದಲ್ಲಿ ಮೊದಲ ಸಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊರಟೆ. ಆಟೋಗೆ ಹೋಗಲಿಕ್ಕೇ ನಾನೂರ ಎಂಬತ್ತು ರೂಪಾಯಿ. ಕಚೇರಿ ಮೊದಲ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಸಾಹೇಬರು ಕೆಳಗೆ ಬರ್ತಾರಾ ಅಂತ ಹೆಂಡತಿ ಹೋಗಿ ಕೇಳಿದಳು. ಬರಲ್ಲ, ಅವರನ್ನೇ ಮೇಲೆ ಕರ್ಕೊಂಬನ್ನಿ ಅಂದರಂತೆ.

ಇಪ್ಪತ್ತಾರು ಮೆಟ್ಟಿಲು. ನಾನು ಎಣಿಸಿದ್ದೇನೆ. ಕೆಳಗಿನ ಮೆಟ್ಟಿಲ ಮೇಲೆ ಹಿಂದುಮುಂದಾಗಿ ಕೂತೆ. ಫೈಲನ್ನು ಹಲ್ಲಲ್ಲಿ ಕಚ್ಚಿಕೊಂಡೆ. ಎರಡು ಅಂಗೈ ಊರಿ ಮೈ ಎತ್ತಿ ಒಂದು ಮೆಟ್ಟಿಲು. ಕಾಲುಗಳನ್ನು ಕೈಯಿಂದ ಎಳೆದುಕೊಳ್ಳೋದು. ಮತ್ತೆ ಒಂದು ಮೆಟ್ಟಿಲು. ಹೆಂಡತಿ ಮಡಚಿದ ವೀಲ್‌ಚೇರ್ ಹೊತ್ತು ಪಕ್ಕದಲ್ಲೇ ಬಂದಳು. ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಒಬ್ಬ ಹುಡುಗ ನನ್ನನ್ನು ಎತ್ತಲು ಬಂದ, ಅವನಿಗೆ ಎಲ್ಲಿ ಹಿಡಿಯಬೇಕು ಅಂತ ಗೊತ್ತಾಗಲಿಲ್ಲ, ಪಾಪ.

ಮೇಲೆ ಹೋದಾಗ ಸಾಹೇಬರು ನನ್ನ ಮುಖ ನೋಡಲಿಲ್ಲ. ನನ್ನ ಹೆಂಡತಿಯ ಹತ್ತಿರ ಮಾತಾಡಿದರು. "ಗಾಲ್ಫ್ ಎಲ್ಲ ಯಾಕಮ್ಮಾ ಇವರಿಗೆ? ಕೇರಂ ಬೋರ್ಡ್ ಬೇಕಾದ್ರೆ ಕೊಡಿಸೋಣ. ಮನೇಲೇ ಆಡ್ಕೊಂಡು ಇರಲಿ." ಎರಡೇ ನಿಮಿಷ. ಅಷ್ಟು ಹೇಳಲಿಕ್ಕೆ ನಮ್ಮನ್ನು ಕರೆಸಿದ್ದರು.

ನನಗೆ ಸೊಂಟದ ಕೆಳಗೆ ನೋವು ಗೊತ್ತಾಗಲ್ಲ. ಮನೆಗೆ ಬಂದ ಮೇಲೆ ಹೆಂಡತಿ ನೋಡಿದಾಗ ಪ್ಯಾಂಟ್ ಹರಿದು ಚರ್ಮ ಕಿತ್ತುಹೋಗಿತ್ತು. ಅದು ಹುಣ್ಣಾಗಿ ಕೀವು ತುಂಬಿತು. ಮೂರೂವರೆ ತಿಂಗಳು ಬೋರಲು ಮಲಗಿದ್ದೆ. ಮಗಳ ಎಸ್ಸೆಸ್ಸೆಲ್ಸಿ ವರ್ಷ ಅದು. ಅವಳು ಓದುವುದು ಬಿಟ್ಟು ಡ್ರೆಸ್ಸಿಂಗ್ ಮಾಡಿದಳು. ಒಂದು ಅರ್ಜಿಗೆ ನಮ್ಮ ಮನೆ ಕೊಟ್ಟ ಬೆಲೆ ಇದು.

ಕಾನೂನು ನಿಮಗೆ ನಾನು ಹೇಳಿಕೊಡಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 30 ನಿಮಗೆ ಗೊತ್ತೇ ಇದೆ. ಕ್ರೀಡಾ ಸೌಲಭ್ಯಗಳನ್ನು ನಮಗೆ ಹೊಂದುವಂತೆ ಮಾಡಬೇಕು, ನಮ್ಮ ತರಬೇತಿಗೆ ಹಣ ಇಡಬೇಕು ಅಂತ ಅದರಲ್ಲೇ ಬರೆದಿದೆ. ಸಾರ್ವಜನಿಕ ಕಟ್ಟಡಗಳಿಗೆ ನಾವು ಹೋಗಿಬರುವಂತೆ ಮಾಡಲು ಕೊಟ್ಟಿದ್ದ ಐದು ವರ್ಷದ ಗಡುವು 2022ರ ಜೂನ್‌ಗೇ ಮುಗಿದಿತ್ತು. ನಾನು ಮೆಟ್ಟಿಲು ಹತ್ತಿದ್ದು ಅದಾಗಿ ಒಂದು ವರ್ಷಕ್ಕೆ.

ಗಾಲ್ಫ್ ಪ್ಯಾರಾಲಿಂಪಿಕ್ಸ್‌ನಲ್ಲಿ ಇಲ್ಲ, ಹಾಗಾಗಿ ದುಡ್ಡಿಲ್ಲ ಅಂತ ಇನ್ನೊಂದು ಕಡೆ ಹೇಳಿದರು. ಇಲ್ಲ ನಿಜ. ಆದರೆ ಆಟದ ನಿಯಮ ಪುಸ್ತಕದಲ್ಲಿ ನಾವಿದ್ದೇವೆ. 2023ರಿಂದ ಅಂಗವಿಕಲ ಆಟಗಾರರಿಗೆಂದೇ 25ನೇ ನಿಯಮ ಸೇರಿದೆ. ವೀಲ್‌ಚೇರಿನವರು, ಕಣ್ಣು ಕಾಣದವರು, ಕೈಕಾಲು ಕಳೆದುಕೊಂಡವರು ಹೇಗೆ ಆಡಬಹುದು ಅಂತ ಅದರಲ್ಲಿದೆ. ಅಮೆರಿಕದಲ್ಲಿ 2022ರ ಜುಲೈನಲ್ಲಿ ಪೈನ್‌ಹರ್ಸ್ಟ್‌ನಲ್ಲಿ ಅಂಗವಿಕಲರಿಗಾಗಿಯೇ ರಾಷ್ಟ್ರೀಯ ಟೂರ್ನಿ ಶುರುವಾಯಿತು, 96 ಜನ ಆಡಿದರು. ಅಲ್ಲಿ ಗಾಯಗೊಂಡ ಮಾಜಿ ಸೈನಿಕರ ಕ್ರೀಡೆಗೆ ಸರ್ಕಾರವೇ ಅನುದಾನ ಕೊಡುತ್ತದೆ, ಅದರಲ್ಲಿ ಗಾಲ್ಫೂ ಇದೆ. ನಮ್ಮ ದೇಶದ್ದೇ ಬೇಕಾ? ಹರಿಯಾಣದ ದೀಕ್ಷಾ ದಾಗರ್‌ಗೆ ಹುಟ್ಟಿನಿಂದ ಕಿವಿ ಕೇಳಿಸಲ್ಲ. ಡೆಫ್‌ಲಿಂಪಿಕ್ಸ್‌ನಲ್ಲಿ ಚಿನ್ನ ತಂದರು, ಟೋಕಿಯೋ ಒಲಿಂಪಿಕ್ಸ್‌ನಲ್ಲೂ ಆಡಿದರು. ಅದೇ ಟೋಕಿಯೋದಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದಾಗ ಬೆಳ್ಳಂಬೆಳಿಗ್ಗೆ ಎದ್ದು ಟಿವಿ ಮುಂದೆ ಕೂತವರಲ್ಲಿ ನಾವೂ ಇದ್ದೆವು.

2012ರಲ್ಲಿ ಹಾಸನ ಜಿಲ್ಲೆಯ ಗಿರೀಶ್ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಾಗ ಎಲ್ಲರೂ ಹಾರ ಹಿಡಿದು ಬಂದರು. ಬರಬೇಕಾದ್ದೇ. ಆದರೆ ಗೆದ್ದ ಮೇಲೆ ಬರುವ ದುಡ್ಡು ಬೇರೆ, ಕಲಿಯೋಕೆ ಬೇಕಾದ ದುಡ್ಡು ಬೇರೆ. ಆ ಮುಷ್ಟಿ ಬಿಗಿದ ಹುಡುಗ ಪದಕ ತರುತ್ತಾನೋ ಇಲ್ಲವೋ, ನಾನು ಆಣೆ ಮಾಡಲ್ಲ. ಅವನಿಗೆ ಆಡಬೇಕು. ಅಷ್ಟೇ.

ಗಾಡಿ ಅಂದೆನಲ್ಲ, ಅದೇನು ಅಂತ ಹೇಳಿಬಿಡುತ್ತೇನೆ. ಪ್ಯಾರಾಗಾಲ್ಫರ್ ಅಂತ ಹೆಸರು, ಜರ್ಮನಿಯದ್ದು. ಅದರ ಸೀಟೇ ಮೇಲೆದ್ದು ಕೂತವನನ್ನು ನಿಲ್ಲಿಸುತ್ತದೆ. ಬೀಳದ ಹಾಗೆ ಪಟ್ಟಿ ಕಟ್ಟಿಕೊಂಡು ಎರಡೂ ಕೈಯಲ್ಲಿ ಸ್ಟಿಕ್ ಬೀಸಬಹುದು. ಚಕ್ರ ಅಗಲ, ಹುಲ್ಲಿನ ಮೇಲೆ ಓಡಲೆಂದೇ ಮಾಡಿದ್ದು. ಒಂದಕ್ಕೆ ಹತ್ತಾರು ಲಕ್ಷ ಆಗುತ್ತದೆ. ನನ್ನಂಥವನು ಜನ್ಮದಲ್ಲಿ ಕೊಳ್ಳಲಾಗದ ದುಡ್ಡು. ಸರ್ಕಾರಕ್ಕೆ ಅದು ಒಂದು ಸಮಾರಂಭದ ಪೆಂಡಾಲ್ ಖರ್ಚು. ಎರಡು ಗಾಡಿ ಇದ್ದರೆ ಸರದಿ ಮೇಲೆ ಎಷ್ಟೋ ಜನ ಆಡಬಹುದು.

ಕೋಚ್‌ಗೆ ಹೊರಗೆಲ್ಲೂ ಹುಡುಕಬೇಡಿ. ಕೆಲಸ ಇಲ್ಲದೆ ಕೂತಿರುವ ಹಳೇ ಕ್ಯಾಡಿಗಳಿಗೆ ತರಬೇತಿ ಕೊಡಿ. ಚೆಂಡು ಎಲ್ಲಿ ಬೀಳುತ್ತದೆ, ಗಾಳಿ ಎತ್ತ ಬೀಸುತ್ತದೆ ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಜಾಗಕ್ಕೆ ಒಂದು ದಾರಿ ಇದೆ. ಸರ್ಕಾರದ ಜಮೀನನ್ನು ಗುತ್ತಿಗೆಗೆ ಪಡೆದು ನಡೆಯುವ ಕ್ಲಬ್ಬುಗಳಿವೆ. ಗುತ್ತಿಗೆ ಮುಂದುವರಿಸುವಾಗ ಒಂದು ಸಾಲು ಸೇರಿಸಿ: ವಾರಕ್ಕೆ ಎರಡು ಮಧ್ಯಾಹ್ನ ಅಂಗವಿಕಲರಿಗೆ ಬಿಡಬೇಕು ಅಂತ. ಜಮೀನು ನಾಡಿನ ಜನರದ್ದು. ನಾವೂ ಅದರಲ್ಲಿ ಸೇರಿದವರು.

ಮತ್ತೆ ಕೇಳುತ್ತೇನೆ. ಮುಂದಿನ ಬಜೆಟ್‌ನಲ್ಲಿ ಅಂಗವಿಕಲರ ಗಾಲ್ಫ್ ತರಬೇತಿಗೆ ಅಂತಲೇ ಹಣ ಇಡಿ. 'ಇತರೆ' ಅನ್ನೋ ಸಾಲಿನಲ್ಲಿ ಸೇರಿಸಬೇಡಿ, ಅಲ್ಲಿ ಸೇರಿದ್ದು ನಮಗೆ ತಲುಪಲ್ಲ. ಎರಡು ಗಾಡಿ, ಒಬ್ಬ ಕೋಚ್, ವಾರಕ್ಕೆ ಎರಡು ದಿನ. ಕೊಡುವುದಾದರೆ ಕೊಡುತ್ತೇವೆ ಅಂತ ಬರೆಯಿರಿ. ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಬರೆಯಿರಿ. ಸುಮ್ಮನಿರಬೇಡಿ. ಏಳು ವರ್ಷ ಸುಮ್ಮನಿದ್ದದ್ದು ಸಾಕು.

ಮಾತಾಡಬೇಕು ಅಂದರೆ ಕರೆಯಿರಿ, ನಾವು ಒಂಬತ್ತು ಜನವೂ ಬರುತ್ತೇವೆ. ದಯವಿಟ್ಟು ನೆಲಮಹಡಿಯಲ್ಲಿ ಒಂದು ಕೋಣೆ ನೋಡಿ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಹಳೇ ಕ್ಯಾಡಿ
ಬೆಂಗಳೂರು