ಶುಗರ್ ಪುಡಿ ಮೆಸೇಜ್ ಬಗ್ಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ನಮ್ಮ ಗುಂಪಿನಲ್ಲಿ "40 ದಿನದಲ್ಲಿ ಶುಗರ್ ಬೇರುಸಮೇತ ವಾಸಿ" ಅನ್ನೋ ಪುಡಿಯ ಮೆಸೇಜ್ ಮೂರು ಸಲ ಬಂದಿದೆ. ದಯವಿಟ್ಟು ಇನ್ನು ಹಾಕಬೇಡಿ. ಶುಗರ್, ಬಿಪಿ ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದೇ 1954ರ ಕಾನೂನಿನ ಪ್ರಕಾರ ತಪ್ಪು.

ನಮ್ಮ ಚಿಕ್ಕಪ್ಪ ಇಂಥದ್ದೇ ಪುಡಿ ನಂಬಿ ಮಾತ್ರೆ ಬಿಟ್ಟಿದ್ದರು. ಚಪ್ಪಲಿಯ ಮೊಳೆ ಹಿಮ್ಮಡಿಗೆ ಚುಚ್ಚಿಕೊಂಡು ದಿನವಿಡೀ ಓಡಾಡಿದರೂ ಅವರಿಗೆ ಗೊತ್ತಾಗಲಿಲ್ಲ, ಸಂಜೆ ಬಚ್ಚಲಲ್ಲಿ ರಕ್ತದ ಕಲೆ ನೋಡಿ ಕೂಗಿದ್ದು ಚಿಕ್ಕಮ್ಮ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಕಾಲಿನ ನರಗಳು ಹಾಳಾಗುತ್ತವೆ, ನೋವೇ ತಿಳಿಯುವುದಿಲ್ಲ. ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ.

ತೂಕ ಚೆನ್ನಾಗಿ ಇಳಿಸಿದ ಕೆಲವರಿಗೆ ಮಾತ್ರೆ ಇಲ್ಲದೆಯೂ ಶುಗರ್ ಹತೋಟಿಗೆ ಬರುತ್ತದೆ, ಅದು ನಿಜ. ಆದರೆ ತೂಕ ಏರಿದರೆ ಮತ್ತೆ ಬರಬಹುದು, ಅದಕ್ಕೇ ಡಾಕ್ಟರು ಅದನ್ನು ವಾಸಿ ಅನ್ನುವುದಿಲ್ಲ.

ಟೆಸ್ಟಿನ ಹಿಂದಿನ ದಿನ ಸುಮ್ನೆ ಹೋಳಿಗೆ ಬಿಟ್ಟು ಡಾಕ್ಟರಿಗೆ ಟೋಪಿ ಹಾಕೋಣ ಅನ್ನುವವರಿಗೆ (ನಮ್ಮಲ್ಲೇ ಇದ್ದೀರಿ, ಹೆಸರು ಹೇಳಲ್ಲ): ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಎಚ್‌ಬಿಎ1ಸಿ ಟೆಸ್ಟಿನಲ್ಲಿ ಅದಕ್ಕೆ ಅಂಟಿದ ಸಕ್ಕರೆ ಎರಡು ಮೂರು ತಿಂಗಳ ಚಾಡಿ ಹೇಳುತ್ತದೆ.

"ಬಿಪಿ ನಾರ್ಮಲ್ ಬಂತಲ್ಲ" ಅಂತ ಮಾತ್ರೆ ನಿಲ್ಲಿಸಬೇಡಿ. ಮಾತ್ರೆ ನುಂಗಿದ್ದಕ್ಕೇ ನಾರ್ಮಲ್ ಬಂದಿರುವುದು, ಅಲ್ವಾ? ಬದಲಿಸಬೇಕಿದ್ದರೆ ಡಾಕ್ಟರನ್ನು ಕೇಳಿ.

ಪುಡಿಯ ಮೆಸೇಜ್ ಮತ್ತೆ ಬಂದರೆ ಅಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.