ಫುಲ್‌ಬ್ಯಾಕ್ ಒಬ್ಬರ ಬದುಕನ್ನು ಬರೆಯುತ್ತಿರುವವರಿಗೆ

ಪ್ರಿಯ ಕಿರಿಯ ಮಿತ್ರರೇ,

ಆಂಡ್ರ್ಯೂ ವಾಟ್ಸನ್ ಅವರನ್ನು ಕುರಿತ ನಿಮ್ಮ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಅವರು ಜಗತ್ತಿನ ಮೊದಲ ಕಪ್ಪು ಅಂತರರಾಷ್ಟ್ರೀಯ ಫುಟ್‌ಬಾಲ್ ಆಟಗಾರ ಎಂಬ ಮಾತು ಪುಟಪುಟದಲ್ಲೂ ಇದೆ. ಅವರು ಚೆಂಡನ್ನು ಒದ್ದದ್ದು ಮಾತ್ರ ಎಲ್ಲೂ ಕಾಣುವುದಿಲ್ಲ. ನನ್ನ ಮುಖ್ಯ ತಕರಾರು ಇದೇ.

1881ರ ಮಾರ್ಚ್ 12ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಅವರು ಸ್ಕಾಟ್ಲೆಂಡ್ ಪರ ಮೊದಲ ಪಂದ್ಯವನ್ನು ನಾಯಕರಾಗಿಯೇ ಆಡಿದರು. ಇಂಗ್ಲೆಂಡ್ 6-1ರಿಂದ ಸೋತಿತು. ತವರಿನಲ್ಲಿ ಅದಕ್ಕಿಂತ ದೊಡ್ಡ ಸೋಲನ್ನು ಅದು ಇವತ್ತಿಗೂ ಕಂಡಿಲ್ಲ. ಈ ಅಂಕಿಯನ್ನು ನೀವು ಕೊಟ್ಟಿದ್ದೀರಿ. ಆದರೆ ಆಗಿನ ತಂಡದಲ್ಲಿ ಆರು ಜನ ದಾಳಿಗೆ ನುಗ್ಗುತ್ತಿದ್ದರು, ಗೋಲ್‌ಕೀಪರ್ ಮುಂದೆ ಕಾವಲಿಗೆ ಉಳಿಯುತ್ತಿದ್ದವರು ವಾಟ್ಸನ್‌ರಂಥ ಇಬ್ಬರೇ ಫುಲ್‌ಬ್ಯಾಕ್‌ಗಳು, ಭುಜದಿಂದ ಗುದ್ದಿ ಎದುರಾಳಿಯನ್ನು ಕೆಡವುವುದಕ್ಕೆ ನಿಯಮದ ಅಡ್ಡಿ ಇರಲಿಲ್ಲ ಎಂಬುದನ್ನು ಹೇಳದಿದ್ದರೆ, ಹಿಂದೆ ನಿಂತವರ ಕಷ್ಟ ಓದುಗರಿಗೆ ತಿಳಿಯುವುದಾದರೂ ಹೇಗೆ? ಎಲ್ಲರೂ ಕಪ್ಪು ಬೂಟು ತೊಡುತ್ತಿದ್ದ ದಿನಗಳಲ್ಲಿ ವಾಟ್ಸನ್ ಕಂದು ಬೂಟು ತೊಟ್ಟದ್ದನ್ನು ವರದಿಗಾರನೊಬ್ಬ ಗಮನಿಸಿ ಬರೆದಿದ್ದಾನೆ. ಅಂಥ ಒಂದು ಬೂಟು ನಿಮ್ಮ ಹತ್ತು ವಿಶೇಷಣಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಗೆದ್ದ ರಾತ್ರಿ ಅವರ ಕಣ್ಣು ಒದ್ದೆಯಾಯಿತು ಎಂದು ಬರೆದಿದ್ದೀರಿ. ದಯವಿಟ್ಟು ಅದನ್ನು ತೆಗೆಯಿರಿ. ಹಿಂದೊಮ್ಮೆ ನಾನು ತೀರಿಹೋದ ಆಟಗಾರರೊಬ್ಬರ ಬಾಯಲ್ಲಿ ಮಾತು ತುರುಕಿ ಬರೆದಾಗ, ಅವರ ಮಗಳು ಮನೆಗೆ ಬಂದು, "ಅಪ್ಪ ಹಾಗೆ ಮಾತಾಡುವವರೇ ಅಲ್ಲ" ಎಂದಿದ್ದರು. ಆ ನೋವು ನನ್ನಲ್ಲಿ ಇನ್ನೂ ಉಳಿದಿದೆ.

ಊಹೆಗಿಂತ ಗಟ್ಟಿಯಾದ ಸಂಗತಿ ನಿಮ್ಮ ಕೈಯಲ್ಲೇ ಇದೆ. ವಾಟ್ಸನ್ 1856ರಲ್ಲಿ ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾದ ಡೆಮೆರಾರದಲ್ಲಿ, ತೋಟದ ಮಾಲೀಕರಾಗಿದ್ದ ಸ್ಕಾಟಿಷ್ ತಂದೆಗೂ ಹ್ಯಾನಾ ರೋಸ್ ಎಂಬ ಸ್ಥಳೀಯ ಮಹಿಳೆಗೂ ಹುಟ್ಟಿದವರು. ಇಂಗ್ಲೆಂಡಿನ ಒಳ್ಳೆಯ ಶಾಲೆಗಳಲ್ಲಿ, ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿ, ಆಗ ಸಂಬಳವಿಲ್ಲದೆ ಆಡುತ್ತಿದ್ದ ಕ್ವೀನ್ಸ್ ಪಾರ್ಕ್ ಕ್ಲಬ್ ಸೇರಲು ಅವರಿಗೆ ಅನುಕೂಲವಾದದ್ದು ತಂದೆಯ ಹಣ. ಆ ಹಣದ ಬೇರು ಗುಲಾಮರು ದುಡಿದ ಸಕ್ಕರೆ ತೋಟಗಳಲ್ಲಿತ್ತು. ಇದನ್ನು ನೀವು ಅರ್ಧ ಸಾಲಿನಲ್ಲಿ ದಾಟಿಸಿದ್ದೀರಿ. ಇಲ್ಲೇ ನಿಲ್ಲಿ, ಎರಡು ಪುಟ ಬರೆಯಿರಿ.

ಅವರು ದೇಶಕ್ಕಾಗಿ ಆಡಿದ್ದು ಮೂರೇ ಪಂದ್ಯ. ಮೂರರಲ್ಲೂ ಗೆಲುವು, ತಂಡ ಬಿಟ್ಟುಕೊಟ್ಟದ್ದು ಒಟ್ಟು ಮೂರು ಗೋಲು. 1882ರಲ್ಲಿ ಲಂಡನ್ನಿಗೆ ಹೋದರು. ಸ್ಕಾಟ್ಲೆಂಡಿನಲ್ಲಿ ನೆಲೆಸಿದವರನ್ನೇ ಆರಿಸುತ್ತಿದ್ದ ಕಾಲವಾದ್ದರಿಂದ ಅಲ್ಲಿಗೆ ದೇಶದ ಪರ ಆಟ ಮುಗಿಯಿತು. ಮುಂದೆ ಹಡಗಿನ ಎಂಜಿನಿಯರ್ ಆದರು.

ಕೊನೆಯದಾಗಿ, ಅವರು ಸಿಡ್ನಿಯಲ್ಲಿ ತೀರಿಕೊಂಡರು ಎಂಬ ಹಳೆಯ ತಪ್ಪು ನಿಮ್ಮಲ್ಲೂ ಉಳಿದಿದೆ. ಅವರು 1921ರಲ್ಲಿ ಲಂಡನ್ನಿನ ಕ್ಯೂ ಎಂಬ ಪ್ರದೇಶದಲ್ಲಿ ನಿಧನರಾದರು, ಸಮಾಧಿ ರಿಚ್ಮಂಡ್‌ನಲ್ಲಿದೆ. ಆ ಸಾಲನ್ನು ಇವತ್ತೇ ತಿದ್ದಿ, ಉಳಿದದ್ದನ್ನು ನಿಧಾನವಾಗಿ ಕಳುಹಿಸಿ.

ಇತಿ,
ನಿಮ್ಮ ಹಿತೈಷಿ