ಫೋಟೊ ಕಪ್ಪಿಟ್ಟರೆ ಇಂಕನ್ನೇ ದೂರಬೇಡಿ

ಮಾನ್ಯ ಸಂಪಾದಕರೇ,

ಇಂಕ್ ಟ್ಯಾಂಕ್ ಪ್ರಿಂಟರ್‌ಗಳು ಬಂದ ಮೇಲೆ ಚಿಕ್ಕಬಳ್ಳಾಪುರದಂಥ ಊರಲ್ಲೂ ನಾಮಕರಣ, ಗೃಹಪ್ರವೇಶದ ಫೋಟೊಗಳನ್ನು ಮನೆಯಲ್ಲೇ ಮುದ್ರಿಸಿಕೊಳ್ಳುವವರಿದ್ದಾರೆ. ಅವರ ದೂರು ಹೆಚ್ಚುಕಡಿಮೆ ಒಂದೇ: ಪರದೆಯಲ್ಲಿ ಝಗಮಗಿಸುವ ಫೋಟೊ ಕಾಗದದ ಮೇಲೆ ಕಪ್ಪಿಟ್ಟು ಬರುತ್ತದೆ. ಕೇಳಿದರೆ ‘ಇಂಕ್ ಬದಲಿಸಿ’ ಎಂಬ ಸಲಹೆ ಸಿಗುತ್ತದೆ. ನಿಜವಾಗಿ ಮೊದಲು ನೋಡಬೇಕಾದ್ದು ಪರದೆಯ ಬ್ರೈಟ್‌ನೆಸ್.

ಪರದೆ ತಾನೇ ಬೆಳಕು ಚೆಲ್ಲುತ್ತದೆ, ಕಾಗದಕ್ಕೆ ಕೋಣೆಯ ಬೆಳಕೇ ಗತಿ. ಸಾಮಾನ್ಯ ಮಾನಿಟರನ್ನು ಪೂರ್ತಿ ಬ್ರೈಟ್‌ನೆಸ್‌ನಲ್ಲಿಟ್ಟರೆ ಚದರ ಮೀಟರಿಗೆ 250ರಿಂದ 300 ಕ್ಯಾಂಡೆಲಾ (ಬೆಳಕಿನ ಅಳತೆ) ಬೆಳಗುತ್ತದೆ. ಮುದ್ರಣಕ್ಕಾಗಿ ಫೋಟೊ ತಿದ್ದಲು 80ರಿಂದ 120 ಸಾಕು. ಪೂರ್ತಿ ಬೆಳಗುವ ಪರದೆಯಲ್ಲಿ ಫೋಟೊ ಸರಿಯಾಗಿದೆ ಅನ್ನಿಸಿದರೆ ಫೈಲಿನಲ್ಲಿ ಅದು ಕತ್ತಲಾಗಿಯೇ ಇರುತ್ತದೆ. ಉಪಕರಣವಿಲ್ಲದೆ ಹೊಂದಿಸಲು ಒಂದು ಉಪಾಯವಿದೆ. ಮಾನಿಟರ್ ಹಚ್ಚಿ ಅರ್ಧ ಗಂಟೆ ಬಿಡಿ. ಖಾಲಿ ಬಿಳಿ ಪುಟ ತೆರೆಯಿರಿ. ನೀವು ಬಳಸುವ ಫೋಟೊ ಕಾಗದವನ್ನೇ ಪಕ್ಕದಲ್ಲಿ, ಕಿಟಕಿಯ ಬೆಳಕು ಬೀಳುವಂತೆ ಹಿಡಿಯಿರಿ (ನೇರ ಬಿಸಿಲು ಬೇಡ). ಎರಡೂ ಬಿಳಿ ಒಂದೇ ಮಟ್ಟಕ್ಕೆ ಬರುವವರೆಗೆ ಬ್ರೈಟ್‌ನೆಸ್ ಇಳಿಸುತ್ತಾ ಬನ್ನಿ. ಮೊದಲ ದಿನ ಪರದೆ ಮಂಕಾಯಿತೆನಿಸುತ್ತದೆ, ಆಮೇಲೆ ಕಣ್ಣು ಒಗ್ಗಿಕೊಳ್ಳುತ್ತದೆ. ‘ನೈಟ್ ಲೈಟ್’, ‘ವಿವಿಡ್’ ಇತ್ಯಾದಿಗಳನ್ನು ಆಫ್ ಮಾಡಿ, ಮಾನಿಟರಿನ ಮೆನುವಿನಲ್ಲಿ ಎಸ್‌ಆರ್‌ಜಿಬಿ (ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣವ್ಯಾಪ್ತಿ) ಅಥವಾ 6500ಕೆ (ಹಗಲು ಬೆಳಕಿನ ಬಿಳಿ) ಇಡಿ. ವಿಂಡೋಸ್‌ನ ಸರ್ಚ್‌ನಲ್ಲಿ ‘ಡಿಸಿಸಿಡಬ್ಲ್ಯೂ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದರೆ ಗಾಮಾ (ನಡುಛಾಯೆಗಳ ತಿಳಿ-ಗಾಢ ಮಟ್ಟ) ಹೊಂದಿಸುವ ಕಿಟಕಿ ತೆರೆಯುತ್ತದೆ. ಪರದೆಯ ಬಣ್ಣ ಅಳೆಯುವ ಕಲರಿಮೀಟರ್ ಇದ್ದರೆ ಉತ್ತಮ, ಆದರೆ ವರ್ಷಕ್ಕೆ ಇಪ್ಪತ್ತು ಫೋಟೊ ಮುದ್ರಿಸುವವರಿಗೆ ಆ ಖರ್ಚು ದಂಡ.

ಎರಡನೆಯ ತಪ್ಪು ಇನ್ನೂ ಸಾಮಾನ್ಯ: ಬಣ್ಣವನ್ನು ಎರಡು ಸಲ ತಿದ್ದಿಸುವುದು. ಫೋಟೊಶಾಪ್‌ನಂಥ ತಂತ್ರಾಂಶವೂ ಪ್ರಿಂಟರ್ ಡ್ರೈವರೂ (ಕಂಪ್ಯೂಟರಿನಿಂದ ಪ್ರಿಂಟರನ್ನು ನಡೆಸುವ ತಂತ್ರಾಂಶ) ತಮ್ಮಷ್ಟಕ್ಕೆ ತಾವು ಬಣ್ಣ ಪರಿವರ್ತಿಸಿದರೆ ಮುಖಗಳು ಕೆಂಪಡರಿ, ಕೆನ್ನೇರಳೆಗೆ ತಿರುಗುತ್ತವೆ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಆ ಕೆಲಸ ಕೊಡಿ. ನಿಮ್ಮ ಪ್ರಿಂಟರ್, ನಿಮ್ಮ ಕಾಗದ ಎರಡಕ್ಕೂ ಸರಿಹೊಂದುವ ಐಸಿಸಿ ಪ್ರೊಫೈಲ್ (ಆ ಜೋಡಿಯಲ್ಲಿ ಬಣ್ಣ ಹೇಗೆ ಮೂಡುತ್ತದೆಂದು ತಿಳಿಸುವ ಫೈಲು) ಇದ್ದರೆ ‘ಫೋಟೊಶಾಪ್ ಮ್ಯಾನೇಜಸ್ ಕಲರ್ಸ್’ ಆರಿಸಿ, ಆ ಪ್ರೊಫೈಲ್ ತೋರಿಸಿ, ಡ್ರೈವರ್‌ನಲ್ಲಿ ಬಣ್ಣದ ತಿದ್ದುಪಡಿಯನ್ನು ಪೂರ್ತಿ ಆಫ್ ಮಾಡಿ. ಎಪ್ಸನ್‌ನಲ್ಲಿ ಅದರ ಹೆಸರು ‘ನೋ ಕಲರ್ ಅಡ್ಜಸ್ಟ್‌ಮೆಂಟ್’, ಕ್ಯಾನನ್‌ನಲ್ಲಿ ಮ್ಯಾಚಿಂಗ್ ಟ್ಯಾಬ್‌ನ ‘ನನ್’ (ಯಾವುದೂ ಬೇಡ). ಪ್ರೊಫೈಲ್ ಇಲ್ಲದಿದ್ದರೆ ಫೈಲನ್ನು ಎಸ್‌ಆರ್‌ಜಿಬಿಗೆ ಬದಲಿಸಿ, ‘ಪ್ರಿಂಟರ್ ಮ್ಯಾನೇಜಸ್ ಕಲರ್ಸ್’ ಇಟ್ಟು ಉಳಿದದ್ದನ್ನು ಡ್ರೈವರ್‌ಗೇ ಬಿಡಿ. ಮನೆ ಮಟ್ಟಿಗೆ ಇಷ್ಟರಿಂದಲೇ ಬಹುಪಾಲು ಸರಿಹೋಗುತ್ತದೆ. 2016ರಿಂದೀಚಿನ ಐಫೋನ್‌ಗಳ ಫೋಟೊ ಸಾಮಾನ್ಯವಾಗಿ ಡಿಸ್‌ಪ್ಲೇ ಪಿ3 ಎಂಬ, ಎಸ್‌ಆರ್‌ಜಿಬಿಗಿಂತ ವಿಶಾಲವಾದ ಬಣ್ಣವ್ಯಾಪ್ತಿಯಲ್ಲಿರುತ್ತದೆ. ಅದನ್ನು ಬದಲಿಸದೆ, ಪ್ರೊಫೈಲ್ ಓದದ ತಂತ್ರಾಂಶದಿಂದ ಕಳಿಸಿದರೆ ಬಣ್ಣ ಸಪ್ಪೆಯಾಗುತ್ತದೆ.

ಡ್ರೈವರ್‌ನ ‘ಪೇಪರ್ ಟೈಪ್’ ಬರೀ ಹೆಸರಲ್ಲ, ಎಷ್ಟು ಇಂಕ್ ಸುರಿಯಬೇಕೆಂಬ ಲೆಕ್ಕ. ಗ್ಲಾಸಿ ಕಾಗದ ಇಟ್ಟು ‘ಪ್ಲೇನ್ ಪೇಪರ್’ ಎಂದರೆ ಬಣ್ಣ ತೆಳುವಾಗುತ್ತದೆ. ಕಪ್ಪು ಇಂಕು ಪಿಗ್ಮೆಂಟ್ (ದ್ರವದಲ್ಲಿ ಕರಗದ ಬಣ್ಣದ ಕಣ) ಆಗಿರುವ ಮಾದರಿಗಳಲ್ಲಿ ಬೆರಳಿಟ್ಟರೆ ಮಸಿ ಅಂಟುತ್ತದೆ. ಅದಲುಬದಲಾದರೆ, ಅಂದರೆ ಸಾದಾ ಕಾಗದಕ್ಕೆ ‘ಗ್ಲಾಸಿ’ ಎಂದರೆ, ಕಾಗದ ತೊಯ್ದು ಅಲೆಅಲೆಯಾಗುತ್ತದೆ.

ಮುದ್ರಿಸುವ ಮೊದಲು ನಾಜಲ್ ಚೆಕ್ (ಇಂಕಿನ ರಂಧ್ರಗಳು ತೆರೆದಿವೆಯೇ ಎಂದು ಗೆರೆಗಳ ಪುಟ ಮುದ್ರಿಸಿ ನೋಡುವುದು) ತಪ್ಪಿಸಬೇಡಿ. ಸಯಾನ್ ಗೆರೆ ಮುರಿದಿದ್ದರೆ ಫೋಟೊ ಕೆಂಪಿಗೆ, ಮಜೆಂಟಾ ಮುರಿದಿದ್ದರೆ ಹಸಿರಿಗೆ ವಾಲುತ್ತದೆ. ಹೆಡ್ ಕ್ಲೀನಿಂಗ್ ಎರಡು ಮೂರು ಸಲ ಮಾಡಿಯೂ ತೆರೆಯದಿದ್ದರೆ ಒಂದು ರಾತ್ರಿ ಬಿಟ್ಟು ನೋಡಿ. ಸುಮ್ಮನೆ ಒತ್ತುತ್ತಾ ಹೋದರೆ ಇಂಕು ವೇಸ್ಟ್ ಪ್ಯಾಡ್ (ಪ್ರಿಂಟರಿನೊಳಗೆ ವ್ಯರ್ಥ ಇಂಕು ಹೀರುವ ಮೆತ್ತೆ) ಪಾಲು. ನಮ್ಮ ಬೇಸಿಗೆಯ ಒಣಹವೆಯಲ್ಲಿ ವಾರಕ್ಕೊಂದು ಬಣ್ಣದ ಪುಟವನ್ನಾದರೂ ತೆಗೆಯುವುದು ಕ್ಷೇಮ.

ಬಿಸಿಬಿಸಿ ಪ್ರಿಂಟನ್ನು ಹಿಡಿದು ತೀರ್ಪು ಕೊಡಬೇಡಿ. ಅರ್ಧ ಗಂಟೆ ಆರಲಿ, ಪೂರ್ತಿ ನೆಲೆಗೊಳ್ಳಲು ಒಂದು ದಿನ ಬೇಕು. ನೋಡುವುದು ಹಗಲು ಬೆಳಕಿನಲ್ಲಿ. ಅಗ್ಗದ ಎಲ್‌ಇಡಿ ಬಲ್ಬಿನ ಕೆಳಗೆ ಕೆಂಪು ಸೊರಗುತ್ತದೆ. ಬಣ್ಣ ಎತ್ತ ವಾಲಿದೆ ಎಂದು ತಿಳಿಯಲು ಕಪ್ಪಿನಿಂದ ಬಿಳಿಯವರೆಗಿನ ಬೂದು ಪಟ್ಟಿಯೊಂದನ್ನು 4×6 ಕಾಗದದಲ್ಲಿ ಮುದ್ರಿಸಿ. ಬಣ್ಣದ ಫೋಟೊದಲ್ಲಿ ಅಡಗುವ ಛಾಯೆ ಬೂದಿನಲ್ಲಿ ಅಡಗುವುದಿಲ್ಲ.

ಇಷ್ಟಾದರೂ ಕೆಲವು ಬಣ್ಣ ಕಾಗದಕ್ಕೆ ಇಳಿಯುವುದೇ ಇಲ್ಲ. ಪರದೆಯ ಕಡುನೀಲಿ ನೇರಳೆಗೆ ಜಾರುತ್ತದೆ, ಚೆಂಡುಹೂವಿನ ಕಿತ್ತಳೆ ಮಂಕಾಗಿ ಎಸಳುಗಳೆಲ್ಲ ಒಂದೇ ಮುದ್ದೆಯಾಗುತ್ತವೆ. ಸಾಫ್ಟ್ ಪ್ರೂಫ್ (ಮುದ್ರಣ ಹೇಗೆ ಬರುತ್ತದೆಂದು ಪರದೆಯಲ್ಲೇ ತೋರಿಸುವ ನೋಟ) ಹಾಕಿದರೆ ಇದು ಮೊದಲೇ ಕಾಣುತ್ತದೆ. ಕಾಗದಕ್ಕೆ ಇಳಿಯದ ಬಣ್ಣವನ್ನು ಹೇಗೆ ಹೊಂದಿಸಬೇಕೆಂಬ ಆಯ್ಕೆಯಲ್ಲಿ ಹೂವಿಗೆ ‘ಪರ್ಸೆಪ್ಚುಯಲ್’ ಇಟ್ಟರೆ ಎಸಳಿನ ಗೆರೆ ಉಳಿಯುತ್ತದೆ, ಮುಖಗಳಿಗೆ ‘ರಿಲೇಟಿವ್ ಕಲರಿಮೆಟ್ರಿಕ್’ ವಾಸಿ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಕಾಣುವ ಮಿಶ್ರತಳಿ ರೇಷ್ಮೆಗೂಡಿನ ತಿಳಿ ಹಳದಿಗೆ ಕಾಗದದ ಬಿಳಿಯೇ ಶತ್ರು: ಹೊಳಪುಕಾರಕ ಬೆರೆಸಿದ ನೀಲಿಬಿಳಿ ಕಾಗದದಲ್ಲಿ ಅದು ದ್ವಿತಳಿಯ ಬಿಳಿ ಗೂಡಿನಂತೆಯೇ ಕಂಡೀತು.

ಅಂಗಡಿಗಳಲ್ಲಿ ಸಿಗುವ ಅಗ್ಗದ ಫೋಟೊ ಕಾಗದದ ಎಷ್ಟೋ ಪ್ಯಾಕೆಟ್‌ಗಳ ಮೇಲೆ ‘180 ಜಿಎಸ್‌ಎಂ, ಹೈ ಗ್ಲಾಸಿ’ ಎಂದಷ್ಟೇ ಇರುತ್ತದೆ. ಡ್ರೈವರ್‌ನಲ್ಲಿ ಯಾವ ಪೇಪರ್ ಟೈಪ್ ಆರಿಸಬೇಕು, ಪ್ರೊಫೈಲ್ ಇದ್ದರೆ ಎಲ್ಲಿ ಸಿಗುತ್ತದೆ ಎಂಬ ಎರಡು ಸಾಲನ್ನು ತಯಾರಕರು ಪ್ಯಾಕೆಟ್ ಮೇಲೆ ಅಚ್ಚುಹಾಕಲಿ. ಅಲ್ಲಿಯವರೆಗೆ ಅಂಗಡಿಯವರಾದರೂ ಪ್ರಿಂಟರ್ ಮಾರುವಾಗ ಒಂದು 4×6 ಬೂದು ಪಟ್ಟಿ ಮುದ್ರಿಸಿ ತೋರಿಸಲಿ.

— ಫೋಟೊ ಮುದ್ರಣದ ಕೆಲಸ ಬಲ್ಲ ಓದುಗರು, ಚಿಕ್ಕಬಳ್ಳಾಪುರ